ವಿದ್ಯೆಗೆ ಅಧಿಕಾರಿ ಯಾರು?

ಬ್ರಹ್ಮವಿದ್ಯೆಗೆ ಅಧಿಕಾರಿ ಯಾರೆಂಬ ಪ್ರಶ್ನೆಯನ್ನು ನಮ್ಮ ವೇದಾಂತಿಗಳು ಗ್ರಂಥಾರಂಭದಲ್ಲಿಯೇ ಎತ್ತಿ, ವಿವೇಕ, ವೈರಾಗ್ಯ, ಶಮಾದಿ ಷಟ್ಸಂಪತ್ತಿ, ಮುಮುಕ್ಷುತ್ವಗಳೆಂಬ ಸಾಧನಚತುಷ್ಟಯವನ್ನು ವಿಧಿಸಿದರು. 1575ರಲ್ಲಿ ಸ್ಥಾಪಿತವಾದ ಲೈಡನ್ ವಿಶ್ವವಿದ್ಯಾಲಯವೇ ಮೊದಲಾದ ನೆದರ್ಲೆಂಡಿನ ವಿದ್ಯಾಪೀಠಗಳು, ಸ್ನಾತಕೋತ್ತರ ವ್ಯಾಸಂಗವನ್ನರಸಿ ಬರುವ ಪರದೇಶದ ವಿದ್ಯಾರ್ಥಿಯನ್ನು ಕೇಳುವುದೂ ಇದೇ ಜಾತಿಯ ಪ್ರಶ್ನೆಯನ್ನು. ಪದವಿಪತ್ರವೊಂದಿದ್ದರೆ ಸಾಲದು; ಯಾವ ವಿಷಯವನ್ನು ಎಷ್ಟು ಆಳವಾಗಿ ಓದಿರುವನೆಂದು ಅಂಕಪಟ್ಟಿಯನ್ನು ಸಾಲುಸಾಲಾಗಿ ಪರಿಶೀಲಿಸುವರು; ಇಂಗ್ಲಿಷ್ ಭಾಷಾಜ್ಞಾನವನ್ನಳೆಯುವ ಐಇಎಲ್‌ಟಿಎಸ್ ಪರೀಕ್ಷೆಯಲ್ಲಿ ಅನೇಕ ಕಡೆ 6.5 ಅಂಕವಾದರೂ ಬೇಕು. ಆ ದೇಶದಲ್ಲಿಯೇ ವೃತ್ತಿಪರ ಉನ್ನತಶಿಕ್ಷಣ ಸಂಸ್ಥೆಯಲ್ಲಿ ಪದವಿ ಪಡೆದವನು ಕೂಡ ವಿಶ್ವವಿದ್ಯಾಲಯದ ಸ್ನಾತಕೋತ್ತರ ತರಗತಿಯನ್ನು ಸೇರುವ ಮುನ್ನ ಸಾಮಾನ್ಯವಾಗಿ ಪೂರ್ವಸಿದ್ಧತೆಯ ಪಾಠಕ್ರಮವೊಂದನ್ನು ಮುಗಿಸಬೇಕಾಗುವುದರಿಂದ, ಇದನ್ನು ಪರಕೀಯರ ಮೇಲಣ ಅವಿಶ್ವಾಸವೆಂದು ಬಗೆಯುವುದು ಸರಿಯಲ್ಲ.

ಇವೆಲ್ಲಕ್ಕಿಂತ ನನ್ನ ಮನಸ್ಸನ್ನು ಹಿಡಿದು ನಿಲ್ಲಿಸುವುದು, ಈ ವಿಷಯವನ್ನೇ ಏಕೆ, ಇಲ್ಲಿಯೇ ಏಕೆ ಓದಬಯಸುವೆ ಎಂಬುದಕ್ಕೆ ವಿದ್ಯಾರ್ಥಿಯು ಬರೆದು ಕಳುಹಿಸಬೇಕಾದ ಆ ಒಂದೆರಡು ಪುಟಗಳ ಪತ್ರ. ಉಳಿದುವು ಕಲಿತುದನ್ನು ಅಳೆಯುತ್ತವೆ. ಇದೊಂದು ಕಲಿಯುವ ಹಂಬಲವನ್ನು ಅರಸುತ್ತದೆ. ಛಾಂದೋಗ್ಯೋಪನಿಷತ್ತಿನ ಸತ್ಯಕಾಮನು ತನ್ನ ಗೋತ್ರವನ್ನು ತಾನರಿಯೆನೆಂದು ಗೌತಮನೆದುರು ಮುಚ್ಚುಮರೆಯಿಲ್ಲದೆ ನುಡಿದಾಗ, ಆ ಸತ್ಯವನ್ನೇ ಅರ್ಹತೆಯೆಂದು ಬಗೆದು ಗುರುವು ಅವನಿಗೆ ಉಪನಯನ ಮಾಡಿದನು. ಆದರೆ ಗೌತಮನ ಮುಂದೆ ಹುಡುಗನೇ ನಿಂತಿದ್ದನು. ಪ್ರವೇಶಸಮಿತಿಯ ಮುಂದಿರುವುದು ಕಾಗದ ಮಾತ್ರ, ಅದೂ ಸಹಸ್ರಾರು. ಹಂಬಲವನ್ನು ಇಂಗ್ಲಿಷಿನಲ್ಲಿ ಸೊಗಸಾಗಿ ಬರೆಯಬಲ್ಲವನೇ ಹೆಚ್ಚು ಹಂಬಲಿಸಿದವನೆಂದು ತೋರಿಬಿಡುವ ಅನ್ಯಾಯಕ್ಕೆ ಪರಿಹಾರವು ನನಗೆ ಕಾಣದು. ಕಾಗದದಲ್ಲಿ ಕಾಣದ ಅರ್ಹತೆಯೂ ಉಂಟು: ಲೈಡನ್ನಿನ ಸಮೀಪದ ರೈನ್ಸ್‌ಬರ್ಗಿನಲ್ಲಿ ಕೆಲವು ಕಾಲ ನೆಲೆಸಿ, ಮಸೂರಗಳನ್ನು ಉಜ್ಜಿ ಜೀವಿಸಿದ ತತ್ತ್ವಜ್ಞಾನಿ ಸ್ಪಿನೋಜನಿಗೆ ಪದವಿಯೊಂದೂ ಇರಲಿಲ್ಲ. ಆದರೂ 1673ರಲ್ಲಿ ಹೈಡೆಲ್‌ಬರ್ಗಿನ ತತ್ತ್ವಶಾಸ್ತ್ರ ಪೀಠವು ಆತನನ್ನು ತಾನಾಗಿ ಅರಸಿ ಬಂದಿತು; ಆತನು ಚಿಂತನಸ್ವಾತಂತ್ರ್ಯಕ್ಕೆ ಕುಂದಾದೀತೆಂದು ಅದನ್ನು ವಿನಯದಿಂದ ನಿರಾಕರಿಸಿದನು.