ಗಾಳಿ ಬಂದಾಗ ತೂರಿಕೋ

‘ಗಾಳಿ ಬಂದಾಗ ತೂರಿಕೋ’ ಎಂಬ ಗಾದೆ ಈಗ ಪಕ್ಷ ಬದಲಿಸುವವರ ಪಾಲಾಗಿದೆ. ಆದರೆ ಗಾದೆ ಹುಟ್ಟಿದ್ದು ಕಳದಲ್ಲಿ. ಕೊಯ್ದು, ಬಡಿದು, ರಾಶಿ ಹಾಕಿದವನಿಗಷ್ಟೇ ಗಾಳಿಯಿಂದ ಉಪಯೋಗ. ಬರಿಗೈಯವನ ಕಣ್ಣಿಗೆ ಧೂಳು ಬೀಳುತ್ತದೆ, ಅಷ್ಟೆ.

ರಾಜ್ಯ ರಾಜ್ಯಗಳ ವ್ಯವಹಾರಕ್ಕೂ ಇದು ಸಲ್ಲುತ್ತದೆ. ಅದನ್ನು ಕಾಣಲು ಉಜಿರೆಯವರು ದೆಹಲಿಗೆ ಹೋಗಬೇಕಿಲ್ಲ, ನಮ್ಮದೇ ತಾಲೂಕಿನ ಬಂಗಾಡಿ ಸಾಕು. ಬಂಗ ಅರಸರ ಹಳೆಯ ನೆಲೆ ಅದು. ಆ ಮನೆತನದ ಒಬ್ಬ ಅರಸನಿಗೂ ಅವನ ಹೆಂಡತಿ ಉಳ್ಳಾಲದ ರಾಣಿಗೂ ವೈಮನಸ್ಸು ಬಂತು. ಗಂಡ ಪೋರ್ಚುಗೀಸರನ್ನು ನಂಬಿದ. ಹೆಂಡತಿ ಇಕ್ಕೇರಿಯ ವೆಂಕಟಪ್ಪ ನಾಯಕನಿಗೆ ಹೇಳಿ ಕಳಿಸಿದಳು. ನಾಯಕನಿಗೂ ಇಂಥದೊಂದು ನೆಪ ಬೇಕಿತ್ತೆಂದೇ ನನ್ನ ಅನುಮಾನ. ಬಂಗನ ಸೀಮೆ ನಾಯಕನ ವಶವಾಯಿತು. ಅವನು ಕಾಸರಗೋಡಿನ ಕಡೆ ಓಡಿದ.

ಆ ಸೀಮೆಯನ್ನು ಮರಳಿ ಕೊಡಿಸಲು 1623ರಲ್ಲಿ ಗೋವೆಯ ಪೋರ್ಚುಗೀಸ್ ರಾಯಭಾರಿ ಇಕ್ಕೇರಿಗೆ ಬಂದ. ಜೊತೆಗಿದ್ದ ಇಟಲಿಯ ಯಾತ್ರಿಕ ಪಿಯೆತ್ರೊ ದೆಲ್ಲಾ ವಾಲೆ ಎಲ್ಲವನ್ನೂ ಬರೆದಿಟ್ಟ. ಇಕ್ಕೇರಿಯ ಈ ಕೆಳದಿ ನಾಯಕರು ಒಂದು ಕಾಲಕ್ಕೆ ವಿಜಯನಗರದ ಸಾಮಂತರು. 1565ರಲ್ಲಿ ಆ ರಾಜಧಾನಿ ಹಾಳಾದ ಮೇಲೆ ಪರಂಗಿಯವರ ಜೊತೆ ಮಾತಾಡುವ ಕೆಲಸ ಮೆಲ್ಲಗೆ ನಾಯಕರ ಪಾಲಿಗೇ ಬಂತು. ಇನ್ನೊಂದು ಗಾಳಿ ಬೀಸಿದ್ದು ದೂರದ ಹೊರ್ಮುಜ್‌ನಿಂದ. 1622ರಲ್ಲಿ ಪರ್ಷಿಯಾದ ಷಾ ಅಬ್ಬಾಸನ ಪಡೆ ಇಂಗ್ಲಿಷ್ ಹಡಗುಗಳ ನೆರವಿನಿಂದ ಆ ಕೋಟೆಯನ್ನು ಪೋರ್ಚುಗೀಸರಿಂದ ಕಿತ್ತುಕೊಂಡಿತ್ತು. ಸೋತು ಬಂದವರು ದರ್ಪದಿಂದ ಕೇಳುವುದಾದರೂ ಹೇಗೆ? ಅದರ ಮೇಲೆ ಅವರಿಗೆ ನಾಯಕನ ಮೆಣಸು ಬೇಕಿತ್ತು. ಬಂಗನ ಸೀಮೆ ಹಿಂದಿರುಗಲಿಲ್ಲ.

ಮೆಣಸು ನಾಯಕನ ರಾಶಿ. ಕರಾವಳಿಯ ರಾಶಿ ಅಕ್ಕಿ. ಗೋವೆ ಉಣ್ಣುತ್ತಿದ್ದುದು ಇಲ್ಲಿಯ ಅಕ್ಕಿಯನ್ನೇ. ದೆಲ್ಲಾ ವಾಲೆ ಉಳ್ಳಾಲದ ರಾಣಿಯನ್ನು ಕಂಡದ್ದು ಅರಮನೆಯಲ್ಲಲ್ಲ. ಹೊಲಕ್ಕೆ ನೀರು ಹಾಯಿಸುವ ಕಾಲುವೆಯ ಅಗೆತ ನೋಡಲು ಆಕೆ ಬರಿಗಾಲಲ್ಲಿ ಹೊರಟಿದ್ದಳು. ತಲೆಯ ಮೇಲೆ ಓಲೆಯ ಕೊಡೆ. ಬಂಗನ ಕೈಯಲ್ಲಾದರೋ ಮಿತ್ರರ ಮಾತೊಂದೇ ಉಳಿದಿತ್ತು.

ಹೊರ್ಮುಜ್ ಈಗಲೂ ನಮ್ಮ ಕರಾವಳಿಯ ನೆಂಟನೇ. ಮಂಗಳೂರಿನ ಎಂಆರ್‌ಪಿಎಲ್‌ಗೆ ಇರಾನಿನ ಕಚ್ಚಾ ತೈಲ ಹೊರ್ಮುಜ್ ಜಲಸಂಧಿ ದಾಟಿಯೇ ಬರುತ್ತಿತ್ತು. 2019ರ ಮೇಯಲ್ಲಿ ಅಮೆರಿಕ ತನ್ನ ನಿರ್ಬಂಧದಿಂದ ಕೊಟ್ಟಿದ್ದ ವಿನಾಯಿತಿ ನಿಲ್ಲಿಸಿದಾಗ ಭಾರತ ಆ ಖರೀದಿಯನ್ನೇ ಬಿಟ್ಟಿತು. ಉಕ್ರೇನ್ ಯುದ್ಧದ ನಂತರ ಅದೇ ಭಾರತ ಅಮೆರಿಕದ ಮುನಿಸಿದ್ದೂ ರಷ್ಯಾದ ಅಗ್ಗದ ತೈಲ ಕೊಂಡಿತು. ಒಮ್ಮೆ ಬಗ್ಗಿ, ಇನ್ನೊಮ್ಮೆ ನಿಂತದ್ದನ್ನು ಕೆಲವರು ಇಬ್ಬಂದಿತನ ಎನ್ನುತ್ತಾರೆ. ನನಗೆ ಹಾಗನ್ನಿಸುವುದಿಲ್ಲ, ಎರಡನೆಯ ಸಲ ಮಾರುವವನಿಗೇ ಗಿರಾಕಿ ಬೇಕಿತ್ತು. ನಮಗೂ ಒಂದು ರಾಶಿಯಿದೆ: ಮಂಗಳೂರಿನ ನೆಲದಡಿಯ ಗುಹೆಗಳಲ್ಲಿ 15 ಲಕ್ಷ ಟನ್, ಪಾದೂರಿನಲ್ಲಿ 25 ಲಕ್ಷ ಟನ್ ಕಚ್ಚಾ ತೈಲ ಹಿಡಿಯುತ್ತದೆ. ಮಂಗಳೂರಿನ ಗುಹೆಯಲ್ಲಿ ಅಬುಧಾಬಿಯೂ 2018ರಿಂದ ತನ್ನ ತೈಲ ತಂದಿಟ್ಟಿದೆ. ಆದರೆ ವಿಶಾಖಪಟ್ಟಣದ್ದನ್ನೂ ಕೂಡಿಸಿ ಈ ಗುಹೆಗಳೆಲ್ಲ ತುಂಬಿದರೂ ದೇಶಕ್ಕೆ ಸುಮಾರು ಒಂಬತ್ತೂವರೆ ದಿನಕ್ಕೆ ಸಾಕು. ಇಷ್ಟನ್ನೇ ನೆಚ್ಚಿ ವೆಂಕಟಪ್ಪನಂತೆ ರಾಯಭಾರಿಯನ್ನು ಬರಿಗೈಯಲ್ಲಿ ಕಳಿಸಲಾಗದು.