ಪಪ್ಪನಿಗೆ ನಿಜ ಹೇಳಬೇಕೇ?

ಒಂದು ಬೆಳಿಗ್ಗೆ ನಿಮ್ಮ ತಂದೆ ಹಾಸಿಗೆಯಿಂದೆದ್ದು, ಬಲಗಣ್ಣಿನ ಕೆಳಭಾಗಕ್ಕೆ ಪರದೆ ಎಳೆದ ಹಾಗಿದೆ ಎನ್ನುತ್ತಾರೆಂದು ಇಟ್ಟುಕೊಳ್ಳಿ. ನೋವಿಲ್ಲ, ಕೆಂಪಾಗಿಲ್ಲ. ನಿನ್ನೆ ರಾತ್ರಿ ಜಪಸರ ಹೇಳುವಾಗ ಎಲ್ಲ ಸರಿಯಿತ್ತು. ಬೈಂದೂರಿನಿಂದ ಮಣಿಪಾಲಕ್ಕೆ ಕರೆದೊಯ್ಯುತ್ತೀರಿ. ಕಣ್ಣಿನಿಂದ ಮೆದುಳಿಗೆ ಹೋಗುವ ನರಕ್ಕೆ ರಕ್ತ ಸಾಲದೆ ಹೀಗಾಗಿದೆ, ಹೋದ ದೃಷ್ಟಿಯನ್ನು ಮರಳಿಸುವ ಔಷಧಿ ಇಲ್ಲ ಎಂದು ವೈದ್ಯರು ನಿಮ್ಮನ್ನು ಹೊರಗೆ ಕರೆದು ತಿಳಿಸುತ್ತಾರೆ. ಮರಳಿ ಬಂದಾಗ ತಂದೆ ಕೇಳುತ್ತಾರೆ: "ಏನಂತೆ?"

"ಏನಿಲ್ಲ ಪಪ್ಪಾ, ಸರಿಯಾಗ್ತದೆ."

ನಮ್ಮಲ್ಲಿ ಹೆಚ್ಚಿನವರು ಹೇಳುವುದು ಇದನ್ನೇ. ಪ್ರೀತಿಯಿಂದಲೇ ಹೇಳುತ್ತೇವೆ. ಆದರೆ ಈ ಸುಳ್ಳಿನ ಬೆಲೆ ತೆರುವವರು ಯಾರು? ತಿಂಗಳು ಕಳೆದರೂ ಸರಿಯಾಗದಾಗ ಅವರು ಕುಂದಾಪುರದಲ್ಲೊಬ್ಬ ವೈದ್ಯರು, ಬ್ರಹ್ಮಾವರದಲ್ಲೊಬ್ಬ ನಾಟಿವೈದ್ಯರು ಎಂದು ಅಲೆಯುತ್ತಾರೆ. ಗಲ್ಫಿನಿಂದ ಮಗ ಕಳಿಸಿದ ಹಣ ಕರಗುತ್ತದೆ. ಕೊನೆಗೆ, ಯಾವ ಪಾಪಕ್ಕೆ ಈ ಶಿಕ್ಷೆ ಎಂದು ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಹುಟ್ಟುಕುರುಡನನ್ನು ಕಂಡು ಶಿಷ್ಯರು ಕೇಳಿದ್ದೂ ಅದನ್ನೇ. ಯೇಸುಸ್ವಾಮಿ ಆ ಲೆಕ್ಕವನ್ನು ಒಪ್ಪಲಿಲ್ಲ.

ಹುಸಿ ಭರವಸೆಗೆ ವೈದ್ಯಲೋಕವೂ ಹೊರತಲ್ಲ. ಈ ನರದ ಹೊದಿಕೆಯನ್ನು ಸೀಳುವ ಶಸ್ತ್ರಚಿಕಿತ್ಸೆಯೊಂದನ್ನು ಹಿಂದೆ ಮಾಡುತ್ತಿದ್ದರು. ಅಮೆರಿಕದಲ್ಲಿ ಪರೀಕ್ಷಿಸಿ ನೋಡಿದಾಗ, ಅದರಿಂದ ಪ್ರಯೋಜನವಿಲ್ಲ, ಹಾನಿಯೂ ಆಗಬಹುದು ಎಂದು 1995ರಲ್ಲಿ ತಿಳಿಯಿತು. ವಿಚಿತ್ರವೆಂದರೆ, ಶಸ್ತ್ರಚಿಕಿತ್ಸೆಯಿಲ್ಲದೆ ಬರೀ ಗಮನದಲ್ಲಿಟ್ಟವರ ಪೈಕಿ 100ಕ್ಕೆ 40ಕ್ಕಿಂತ ಹೆಚ್ಚು ಮಂದಿಗೆ 6 ತಿಂಗಳಲ್ಲಿ ಅಕ್ಷರದ ಹಲಗೆಯ 3 ಸಾಲಿನಷ್ಟಾದರೂ ದೃಷ್ಟಿ ತಾನಾಗಿ ಸುಧಾರಿಸಿತ್ತು. ಹಾಗಾಗಿ ನಿಜ ಹೇಳಿದರೆ ಆಸೆಯೇ ಸತ್ತುಹೋಗುತ್ತದೆ ಎನ್ನುವಂತಿಲ್ಲ.

ಸುಳ್ಳಿನ ದೊಡ್ಡ ಅಪಾಯವಿರುವುದು ಇನ್ನೊಂದು ಕಣ್ಣಿಗೆ. 5 ವರ್ಷಗಳಲ್ಲಿ 100ಕ್ಕೆ ಸುಮಾರು 15 ಮಂದಿಗೆ ಅದರಲ್ಲೂ ಹೀಗಾಗುತ್ತದೆ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ನಿದ್ದೆಯಲ್ಲಿ ಉಸಿರು ಕಟ್ಟುವ ಗೊರಕೆ, ಇವನ್ನೆಲ್ಲ ನೋಡಿಕೊಳ್ಳಬೇಕಾದವರು ತಂದೆಯೇ ತಾನೆ? ಒತ್ತಡದ ಮಾತ್ರೆಯನ್ನು ಮಲಗುವಾಗ ನುಂಗುತ್ತಿದ್ದರೆ ವೈದ್ಯರನ್ನು ಕೇಳಬೇಕು (ತಾವಾಗಿ ಬಿಡಬಾರದು). ರಾತ್ರಿ ಒತ್ತಡ ತೀರಾ ಇಳಿಯುವುದೂ ಕಾರಣವಾಗಬಹುದೆಂದು ಪಂಜಾಬಿನಲ್ಲಿ ಹುಟ್ಟಿದ ಡಾ. ಸೋಹನ್ ಸಿಂಗ್ ಹೈರೆ 1994ರಲ್ಲೇ ಬರೆದಿದ್ದರು. ಕಣತಲೆಯಲ್ಲಿ ನೋವು, ಅಗಿಯುವಾಗ ದವಡೆ ನೋವು ಇದ್ದರಂತೂ ಅದು ರಕ್ತನಾಳದ ಉರಿಯೂತವಿರಬಹುದು. ತಡಮಾಡದೆ ಸ್ಟೀರಾಯ್ಡ್ ಕೊಡದಿದ್ದರೆ ಇನ್ನೊಂದು ಕಣ್ಣೂ ದಿನಗಳಲ್ಲೇ ಹೋದೀತು. ಏನೂ ಆಗಿಲ್ಲವೆಂದು ನಂಬಿಸಿದವರಿಗೆ ಈ ಎಚ್ಚರವನ್ನು ಯಾವ ಬಾಯಿಂದ ಹೇಳುತ್ತೀರಿ?

ಹೊತ್ತು ನೀವೇ ಆರಿಸಿ. ಊಟದ ಮೊದಲು ಬೇಡ, ನೆಂಟರೆದುರು ಬೇಡ. ಹೇಳುವಾಗ ನಿಮ್ಮ ಮುಖ ಅವರಿಗೆ ಕಾಣುವಂತೆ ಎಡಗಡೆ ಕುಳಿತುಕೊಳ್ಳಿ.