ಸಾಯುವ ಕಾಯಿಲೆಯೇನಲ್ಲ

ಚರ್ಮದ ಕಾಯಿಲೆಯ ಬಗ್ಗೆ ನಮ್ಮ ಸಮಾಜ ಒಂದು ತೀರ್ಪನ್ನು ಎಂದೋ ಕೊಟ್ಟುಬಿಟ್ಟಿದೆ. 'ಅದೇನು ಸಾಯುವ ಕಾಯಿಲೆಯೇ, ಬಿಡಿ' ಎಂಬುದು ಆ ತೀರ್ಪು. ನವೆ ಎಂದರೆ ಕೆರೆದುಕೊಳ್ಳಿ, ಮೊಡವೆ ಎಂದರೆ ವಯಸ್ಸು, ಕೂದಲು ಉದುರಿದರೆ ನೀರಿನ ದೋಷ. ಆದರೆ ಇದೇ ಸಮಾಜ ಹುಡುಗಿಯ ಮೊಣಕೈ ಮೇಲೆ ರೂಪಾಯಿ ಅಗಲದ ಬಿಳಿ ಮಚ್ಚೆಯೊಂದು ಕಂಡಿತೆಂದರೆ ನಿಶ್ಚಯವಾದ ಮದುವೆಯನ್ನು ಮುರಿಯುತ್ತದೆ. ಹಾಗಾದರೆ ಚರ್ಮದ ಕಾಯಿಲೆ ಸಣ್ಣದೋ, ದೊಡ್ಡದೋ? ಅನುಭವಿಸುವವನಿಗೆ ದೊಡ್ಡದಾದದ್ದು ನೋಡುವವನಿಗೆ ಸಣ್ಣದಾಗಿಯೂ, ಅನುಭವಿಸುವವನಿಗೆ ಏನೂ ಅಲ್ಲದ್ದು ನೋಡುವವನಿಗೆ ದೊಡ್ಡದಾಗಿಯೂ ಕಾಣುವ ಈ ವಿಚಿತ್ರವನ್ನು ನಾವು ಸ್ವಲ್ಪ ನಿಧಾನವಾಗಿ ಯೋಚಿಸಬೇಕಾಗಿದೆ.

ಗುಂಡ್ಲುಪೇಟೆಯಿಂದಲೇ ಆರಂಭಿಸೋಣ. ಊಟಿಗೂ ವಯನಾಡಿಗೂ ದಾರಿ ಕವಲೊಡೆಯುವ ಊರು ಅದು. ಮುಂಗಾರಿನ ತಿಂಗಳುಗಳಲ್ಲಿ ಅಲ್ಲಿನ ಹೊಲಗಳಲ್ಲಿ ಚೆಂಡು ಹೂವೂ ಸೂರ್ಯಕಾಂತಿಯೂ ಅರಳಿ ನಿಲ್ಲುತ್ತವೆ. ಕೇರಳದಿಂದ ಬರುವ ಪ್ರವಾಸಿಗರು ಕಾರು ನಿಲ್ಲಿಸಿ ಹೂವಿನ ನಡುವೆ ನಿಂತು ಫೋಟೋ ತೆಗೆಸಿಕೊಳ್ಳುತ್ತಾರೆ. ಚೆಂಡು ಹೂವಿನ ಬಹುಪಾಲು ಬಣ್ಣ ತೆಗೆಯುವ ಕಾರ್ಖಾನೆಗಳಿಗೆ ಹೋಗುತ್ತದೆ. ಈ ಚೆಂಡು ಹೂವು, ಸೂರ್ಯಕಾಂತಿ, ಸೇವಂತಿಗೆ ಎಲ್ಲವೂ ಸಸ್ಯಶಾಸ್ತ್ರದ ಪ್ರಕಾರ ಒಂದೇ ಕುಟುಂಬದವು. ಬದುವಿನ ಮೇಲೆ ಬೆಳೆಯುವ ಪಾರ್ಥೇನಿಯಂ, ಅಂದರೆ ನಮ್ಮ ರೈತರ ಕಾಂಗ್ರೆಸ್ ಗಿಡ, ಇದೇ ಕುಟುಂಬದ ದಾಯಾದಿ. 1950ರ ದಶಕದಲ್ಲಿ ಪುಣೆಯ ಸುತ್ತ ಕಂಡ ಈ ಕಳೆ ದೇಶವನ್ನೆಲ್ಲ ಆವರಿಸಿತು. ಅದರ ಅಲರ್ಜಿ ಹಿಡಿದವರ ಮುಖ, ಕತ್ತು, ಮೊಣಕೈ ಮಡಿಕೆಗಳು ಕೆಂಪಾಗಿ, ಆಮೇಲೆ ಕಪ್ಪಾಗಿ, ಆನೆಯ ಚರ್ಮದಂತೆ ದಪ್ಪಗಾಗುತ್ತವೆ. ಅಂಥವರಲ್ಲಿ ಕೆಲವರಿಗೆ ಸೇವಂತಿಗೆಯೂ ಸೂರ್ಯಕಾಂತಿಯೂ ಆಗಿಬರುವುದಿಲ್ಲ.

ಕೂಲಿಗೆ ಹೂ ಬಿಡಿಸುವ ಹೆಣ್ಣುಮಗಳೊಬ್ಬಳಿಗೆ ಹೀಗಾಯಿತೆಂದು ಇಟ್ಟುಕೊಳ್ಳಿ. ಹಗಲು ಬಿಸಿಲಿಗೆ ಉರಿ, ರಾತ್ರಿ ನವೆ. ನಿದ್ದೆಯಿಲ್ಲ. ಮೈಸೂರಿಗೆ ಹೋದರೆ 60 ಕಿಲೋಮೀಟರು, ಒಂದು ದಿನದ ಕೂಲಿ ಹೋಯಿತು. ಚಾಮರಾಜನಗರಕ್ಕೆ ಹೋದರೂ ಅರ್ಧ ದಿನಕ್ಕಿಂತ ಹೆಚ್ಚು ಬೇಕು. ಬಸ್ ಸ್ಟ್ಯಾಂಡಿನ ಪಕ್ಕದ ಮೆಡಿಕಲ್ ಸ್ಟೋರಿನವನು ಒಂದು ಟ್ಯೂಬು ಕೊಡುತ್ತಾನೆ. ಹಚ್ಚಿದ ಎರಡೇ ದಿನಕ್ಕೆ ನವೆ ಮಾಯ! ಅವನಿಗಿಂತ ಒಳ್ಳೆಯ ಡಾಕ್ಟರು ಬೇಕೆ?

ಆ ಟ್ಯೂಬಿನೊಳಗಿರುವುದು ಹೆಚ್ಚಾಗಿ ಸ್ಟೀರಾಯ್ಡ್. ತಕ್ಕ ಕಾಯಿಲೆಗೆ, ತಕ್ಕಷ್ಟು ದಿನ, ತಕ್ಕ ಜಾಗಕ್ಕೆ ಹಚ್ಚಿದರೆ ಅದು ಅಮೂಲ್ಯ ಔಷಧಿ. ಅದನ್ನು ವಿಷವೆಂದು ಹೆದರಿಸುವವರ ಜೊತೆ ನಾವಿಲ್ಲ. ಆದರೆ ಹುಳುಕಡ್ಡಿಗೆ ಅದನ್ನೇ ಹಚ್ಚಿದರೆ ಆಗುವುದು ಬೇರೆ. ದೇಹವು ಶಿಲೀಂಧ್ರದೊಂದಿಗೆ ಹೋರಾಡುವಾಗ ಹುಟ್ಟುವ ಕೆಂಪು ಮತ್ತು ನವೆಯನ್ನು ಸ್ಟೀರಾಯ್ಡ್ ಅಡಗಿಸುತ್ತದೆ. ಶಿಲೀಂಧ್ರ ಅಡೆತಡೆಯಿಲ್ಲದೆ ಹರಡುತ್ತದೆ. ಕಳ್ಳ ಬಂದಾಗ ಬೊಗಳುವ ನಾಯಿಯ ಬಾಯಿ ಕಟ್ಟಿದಂತೆ. ಸೊಂಟದಲ್ಲಿ ಉಂಗುರದಷ್ಟಿದ್ದದ್ದು ಬೆನ್ನಿಗೆ, ತೊಡೆಗೆ, ಆಮೇಲೆ ಮನೆಮಂದಿಗೆಲ್ಲ ಹಬ್ಬುತ್ತದೆ. ಮುಖಕ್ಕೆ ತಿಂಗಳುಗಟ್ಟಲೆ ಹಚ್ಚಿದವರ ಚರ್ಮ ತೆಳುವಾಗಿ, ನರಗಳು ಕಾಣತೊಡಗಿ, ಬಿಟ್ಟರೆ ಬೆಂಕಿಯಂತೆ ಉರಿಯುತ್ತದೆ. ಬಿಡಲಾಗದೆ ಮತ್ತೆ ಹಚ್ಚುತ್ತಾರೆ. ದೇಶದ ಹಲವು ಆಸ್ಪತ್ರೆಗಳಲ್ಲಿ ನಡೆದು 2011ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ, ಮುಖದ ತೊಂದರೆಯಿಂದ ಚರ್ಮರೋಗ ತಜ್ಞರಲ್ಲಿಗೆ ಬಂದ 2926 ಮಂದಿಯಲ್ಲಿ 433 ಮಂದಿ ಇಂಥ ಮುಲಾಮು ಹಚ್ಚುತ್ತಿದ್ದರು. 2018ರಲ್ಲಿ ಕೇಂದ್ರ ಸರಕಾರವು 14 ಬಗೆಯ ಸ್ಟೀರಾಯ್ಡ್ ಮುಲಾಮುಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರುವಂತಿಲ್ಲವೆಂದು ಆದೇಶಿಸಿತು. ಆದೇಶವೇನೋ ಆಯಿತು. ಆದರೆ ಚೀಟಿ ಬರೆಯುವ ವೈದ್ಯರು ಹತ್ತಿರದಲ್ಲಿಲ್ಲದ ಕಡೆ ಅದು ಗೋಡೆಯ ಮೇಲಿನ ಕಾಗದವಷ್ಟೆ.

'ಸಾಯುವ ಕಾಯಿಲೆಯಲ್ಲ' ಎಂಬ ಮಾತಿನ ಬೆಲೆ ಇದು. ಜೀವ ತೆಗೆಯದ ನೋವಿಗೆ ತಜ್ಞರು ಬೇಡ, ದೊಡ್ಡಾಸ್ಪತ್ರೆ ಬೇಡ, ಸಮಯ ಬೇಡ ಎಂದು ನಾವು ಮೊದಲೇ ತೀರ್ಮಾನಿಸಿರುವುದರಿಂದ ಆ ಜಾಗವನ್ನು ಟ್ಯೂಬು ತುಂಬಿತು.

ಕೇವಲ ನವೆ ಎಂಬುದು ನೈತಿಕ ತಕ್ಕಡಿಯಲ್ಲಿ ಎಷ್ಟು ತೂಗುತ್ತದೆ? ಇಸ್ಲಾಮೀ ಪರಂಪರೆಯಲ್ಲಿ ಇದಕ್ಕೊಂದು ಉತ್ತರವಿದೆ. ಪುರುಷರಿಗೆ ರೇಷ್ಮೆ ಉಡುವುದು ನಿಷಿದ್ಧ. ಆದರೆ ಅಬ್ದುರ್ರಹ್ಮಾನ್ ಬಿನ್ ಔಫ್(ರ) ಮತ್ತು ಝುಬೈರ್(ರ) ಎಂಬ ಇಬ್ಬರು ಸಹಾಬಿಗಳಿಗೆ ಮೈ ನವೆ ಕಾಡಿದಾಗ ಪ್ರವಾದಿವರ್ಯರು(ಸ) ಅವರಿಗೆ ರೇಷ್ಮೆಯ ಅಂಗಿ ತೊಡಲು ಅನುಮತಿಸಿದರೆಂದು ಬುಖಾರಿ ಮತ್ತು ಮುಸ್ಲಿಮ್ ಹದೀಸ್ ಸಂಗ್ರಹಗಳಲ್ಲಿ ವರದಿಯಾಗಿದೆ. ನಿಷೇಧವೊಂದು ನವೆಯ ಮುಂದೆ ಸರಿದು ನಿಂತಿತು. ಸಾವಿನ ಭಯ ಅಲ್ಲಿರಲಿಲ್ಲ, ಅಂಗಾಂಗ ಹೋಗುವ ಭಯವೂ ಇರಲಿಲ್ಲ. ಒರಟು ಬಟ್ಟೆ ತಾಗಿದಾಗ ಆಗುವ ಹಿಂಸೆಯೇ ಸಾಕಾಯಿತು. ಕೊಳ್ಳೇಗಾಲದ ರೇಷ್ಮೆಯಿಂದ ಹೆಸರಾದ ಜಿಲ್ಲೆಯಲ್ಲಿ ಕುಳಿತು ಈ ಪ್ರಸಂಗವನ್ನು ನೆನೆಯುವಾಗ, ರೇಷ್ಮೆಯನ್ನು ಮದುವೆಯ ಸಡಗರಕ್ಕೆ ಮಾತ್ರ ಬಲ್ಲ ನಮಗೆ ಅದು ಔಷಧಿಯೂ ಆದೀತೆಂಬುದು ವಿಶೇಷವಾಗಿ ಕಾಣುತ್ತದೆ.

ಇನ್ನು ಎರಡನೆಯ ಬಗೆಯ ಕಾಯಿಲೆ. ಇದು ನವೆಯಲ್ಲ, ಉರಿಯಲ್ಲ. ತೊನ್ನು. ಚರ್ಮಕ್ಕೆ ಬಣ್ಣ ಕೊಡುವ ಕೋಶಗಳನ್ನು ದೇಹದ ರಕ್ಷಣಾ ವ್ಯವಸ್ಥೆಯೇ ತಪ್ಪಾಗಿ ನಾಶಮಾಡುವುದರಿಂದ ಅಲ್ಲಲ್ಲಿ ಬಿಳುಪಾಗುತ್ತದೆ. ಅಂಟುವುದಿಲ್ಲ. ಬಿಸಿಲಿಗೆ ಬೇಗ ಸುಡುತ್ತದೆ ಎಂಬುದನ್ನು ಬಿಟ್ಟರೆ ಬಿಳಿಯಾದ ಚರ್ಮ ತನ್ನ ಕೆಲಸವನ್ನು ಮಾಡುತ್ತಲೇ ಇರುತ್ತದೆ. ಇದಕ್ಕೂ ಕುಷ್ಠಕ್ಕೂ ಸಂಬಂಧವೇ ಇಲ್ಲ. ಕುಷ್ಠದ ಮಚ್ಚೆ ಮಾಸಲಾಗಿದ್ದು ಅಲ್ಲಿ ಸ್ಪರ್ಶ ತಿಳಿಯುವುದಿಲ್ಲ. ತೊನ್ನಿನ ಮಚ್ಚೆ ಹಾಲಿನಂತಿದ್ದು ಸ್ಪರ್ಶ ಪೂರ್ತಿ ಇರುತ್ತದೆ. ಹತ್ತಿಯ ಎಳೆಯೊಂದನ್ನು ತಾಗಿಸಿ ಕೇಳಿದರೆ ವ್ಯತ್ಯಾಸದ ಸುಳಿವು ಸಿಗುತ್ತದೆ. ಹಣೆಗೆ ಅಂಟಿಸುವ ಸ್ಟಿಕ್ಕರ್ ಬಿಂದಿಯ ಅಂಟಿನಲ್ಲಿರುವ ರಾಸಾಯನಿಕದಿಂದಲೂ ರಬ್ಬರ್ ಚಪ್ಪಲಿಯ ಪಟ್ಟಿಯಿಂದಲೂ ಕೆಲವರಿಗೆ ಬಿಳಿ ಕಲೆ ಬೀಳುವುದುಂಟು. ಊರಿನವರ ಬಾಯಲ್ಲಿ ಎಲ್ಲವೂ ಒಂದೇ.

ಹಾಗೆಂದು ಕುಷ್ಠವನ್ನು ಹಳಿದು ತೊನ್ನನ್ನು ಬಿಡಿಸಿಕೊಳ್ಳುವುದು ನ್ಯಾಯವೇ? 'ಇದು ಅದಲ್ಲ, ಹೆದರಬೇಡಿ' ಎನ್ನುವಾಗ ನಾವು 'ಅದಾಗಿದ್ದರೆ ಹೆದರಬಹುದಿತ್ತು' ಎಂದು ಹೇಳಿದಂತಾಗುತ್ತದೆ. ಕುಷ್ಠವೂ ಇಂದು ಆರು ತಿಂಗಳಿಂದ ಒಂದು ವರ್ಷದೊಳಗೆ, ಸರಕಾರಿ ಆಸ್ಪತ್ರೆಯ ಉಚಿತ ಮಾತ್ರೆಗಳಿಂದ ಗುಣವಾಗುವ ಕಾಯಿಲೆ. 1898ರ ಕುಷ್ಠರೋಗಿಗಳ ಕಾಯ್ದೆ ರದ್ದಾದದ್ದು 2016ರಲ್ಲಿ. ಕುಷ್ಠವನ್ನು ವಿಚ್ಛೇದನದ ಕಾರಣಗಳ ಪಟ್ಟಿಯಿಂದ ತೆಗೆದದ್ದು 2019ರಲ್ಲಿ. ಹಿಂದೂ ವಿವಾಹ ಕಾಯ್ದೆ, 1939ರ ಮುಸ್ಲಿಮ್ ವಿವಾಹ ವಿಸರ್ಜನಾ ಕಾಯ್ದೆ, ಕ್ರೈಸ್ತರ ವಿಚ್ಛೇದನ ಕಾಯ್ದೆ, ಎಲ್ಲದರಲ್ಲೂ ಅದು ಅಷ್ಟು ಕಾಲ ಉಳಿದಿತ್ತು. ಧರ್ಮಗಳ ನಡುವೆ ನಾವು ಹುಡುಕುವ ಏಕತೆ ಇಂಥ ಕಡೆ ಮಾತ್ರ ತಾನಾಗಿ ಸಿಗುವುದು ವ್ಯಂಗ್ಯ.

ಈ ಜಿಲ್ಲೆಯ ನೆಲಕ್ಕೆ ಇದು ಹೊಸ ಪ್ರಶ್ನೆಯಲ್ಲ. ನೀಲಗಾರರು ರಾತ್ರಿಯಿಡೀ ಹಾಡುವ ಮಂಟೇಸ್ವಾಮಿ ಮಹಾಕಾವ್ಯದಲ್ಲಿ ಮಂಟೇಸ್ವಾಮಿ ಕಲ್ಯಾಣಕ್ಕೆ ಬರುವುದು ಕುಷ್ಠ ಹಿಡಿದ, ನಾರುವ ಮೈಯ ಭಿಕ್ಷುಕನ ರೂಪದಲ್ಲಿ. ಸಮಾನತೆಯ ಊರಿನಲ್ಲೂ ಬಾಗಿಲು ತಡೆಯುವವರಿದ್ದರು. ಬಂದವನ ರೋಗವಲ್ಲ, ಊರಿನವರ ಕಣ್ಣೇ ಅಲ್ಲಿ ಪರೀಕ್ಷೆಗೆ ಒಳಗಾಗುವುದು. ಚಿಕ್ಕಲ್ಲೂರಿನ ಜಾತ್ರೆಗೆ ಹೋಗುವ ಲಕ್ಷಾಂತರ ಜನರಿಗೆ ಈ ಕಥೆ ಬಾಯಿಪಾಠ.

ಇಲ್ಲಿಯೇ ನಮ್ಮ ಮುಂದಿರುವ ಕಠಿಣ ಪ್ರಶ್ನೆ. ತೊನ್ನಿನ ಸಂಕಟವೆಲ್ಲ ನೋಡುವವರ ಕಣ್ಣಿನಿಂದ ಬರುವುದಾದರೆ ಚಿಕಿತ್ಸೆ ಆಗಬೇಕಾದದ್ದು ಚರ್ಮಕ್ಕೋ, ಕಣ್ಣಿಗೋ? ಮಚ್ಚೆಗೆ ಔಷಧಿ ಹಚ್ಚಿಸುವುದೆಂದರೆ ಸಮಾಜದ ಅನ್ಯಾಯಕ್ಕೆ ತಲೆಬಾಗಿದಂತೆ ಎಂದು ವಾದಿಸುವ ಪ್ರಾಮಾಣಿಕರಿದ್ದಾರೆ. ಅವರ ಮಾತಿನಲ್ಲಿ ತೂಕವಿದೆ. ಆದರೂ ನಾವು ಅದನ್ನು ಒಪ್ಪುವುದಿಲ್ಲ. ಸಮಾಜದ ಕಣ್ಣು ತಿಳಿಯಾಗಲು ತಲೆಮಾರುಗಳು ಬೇಕು. ಹುಡುಗಿಗಿರುವುದು ಒಂದೇ ಬಾಳು. ಅವಳ ಮೈಯನ್ನು ನಮ್ಮ ಸುಧಾರಣೆಯ ಭಿತ್ತಿಪತ್ರವಾಗಿ ಬಳಸಿಕೊಳ್ಳುವ ಹಕ್ಕು ಯಾರಿಗಿದೆ? ಯುದ್ಧದಲ್ಲಿ ಮೂಗು ಕಳೆದುಕೊಂಡ ಅರ್ಫಜ(ರ) ಎಂಬವರು ಬೆಳ್ಳಿಯ ಮೂಗು ಮಾಡಿಸಿಕೊಂಡು ಅದು ನಾರತೊಡಗಿದಾಗ, ಪುರುಷರಿಗೆ ವರ್ಜ್ಯವಾದ ಚಿನ್ನದಲ್ಲೇ ಮಾಡಿಸಿಕೊಳ್ಳಲು ಪ್ರವಾದಿವರ್ಯರು(ಸ) ಹೇಳಿದರೆಂಬ ವರದಿಯಿದೆ. ಮೂಗಿಲ್ಲದೆಯೂ ಬದುಕಬಹುದಿತ್ತಲ್ಲ, ಜನರು ಒಪ್ಪಿಕೊಳ್ಳಲಿ ಎಂದು ಅವರಿಗೆ ಉಪದೇಶಿಸಲಿಲ್ಲ.

ಆದರೆ ಈ ವಾದವನ್ನು ಸಡಿಲ ಬಿಟ್ಟರೆ ಅದು ಎಲ್ಲಿಗೆ ಹೋಗಿ ನಿಲ್ಲುತ್ತದೆ? ಕಪ್ಪು ಬಣ್ಣದ ಹುಡುಗಿಯೂ ನೋಡುವವರ ಕಣ್ಣಿನಿಂದಲೇ ನೋಯುತ್ತಾಳೆ. ಹಾಗಾದರೆ ಬಿಳುಪಿನ ಕ್ರೀಮೂ ಚಿಕಿತ್ಸೆಯೇ? 1975ರಲ್ಲಿ ಮಾರುಕಟ್ಟೆಗೆ ಬಂದ ಫೇರ್ ಅಂಡ್ ಲವ್ಲಿ ಇದೇ ನೋವನ್ನು ಬಂಡವಾಳ ಮಾಡಿಕೊಂಡು ಬೆಳೆಯಿತು. 2020ರಲ್ಲಿ ಅದು ಗ್ಲೋ ಅಂಡ್ ಲವ್ಲಿ ಎಂದು ಹೆಸರು ಬದಲಿಸಿಕೊಂಡಿತು, ಹುಡುಗಿಯರ ಬಣ್ಣ ಬದಲಾಗಲಿಲ್ಲ. ತೊನ್ನಿಗೆ ಔಷಧಿ ಹಚ್ಚುವವರು ತಮ್ಮದೇ ಬಣ್ಣವನ್ನು ಮರಳಿ ಕೇಳುತ್ತಾರೆ, ಬಿಳುಪಿನ ಕ್ರೀಮು ಬೇರೆಯವರ ಬಣ್ಣವನ್ನು ಕೊಡುವೆನೆನ್ನುತ್ತದೆ ಎಂದು ಗೆರೆ ಎಳೆಯಬಹುದು. ಬಹುಮಟ್ಟಿಗೆ ಆ ಗೆರೆ ಸರಿಯೇ. ಆದರೆ ಮೈಯೆಲ್ಲ ತೊನ್ನು ವ್ಯಾಪಿಸಿದವರಿಗೆ ಉಳಿದ ಕಪ್ಪು ತುಣುಕುಗಳನ್ನೇ ತೆಗೆದು ಒಂದೇ ಬಣ್ಣ ಮಾಡುವ ಚಿಕಿತ್ಸೆಯೂ ಇದೆ. ಹುಟ್ಟಿನಿಂದಲೇ ಮುಖದಲ್ಲಿ ಕೆಂಪು ಮಚ್ಚೆಯಿರುವ ಮಗುವಿಗೆ ಮರಳಿ ಪಡೆಯಲು ಹಳೆಯದೇನೂ ಇಲ್ಲ. ಅವರನ್ನೆಲ್ಲ ಗೆರೆಯಿಂದ ಆಚೆ ತಳ್ಳಲು ನಮಗೆ ಮನಸ್ಸಿಲ್ಲ.

ಆದುದರಿಂದ ಕಾಯಿಲೆಯ ಹೆಸರಿಗಿಂತ ಚಿಕಿತ್ಸೆ ನೀಡುವವನ ಮಾತನ್ನು ಗಮನಿಸುವುದು ಮೇಲೆಂದು ತೋರುತ್ತದೆ. ಬಂದವರ ಭಯ ಆ ಮಾತಿನಿಂದ ಇಳಿಯಿತೇ, ಏರಿತೇ? ಕೂದಲಿನ ವಿಷಯವನ್ನೇ ನೋಡಿ. ಜೋರು ಜ್ವರ ಬಂದು ಹೋದ ಎರಡು ಮೂರು ತಿಂಗಳಿಗೆ, ಬಾಣಂತಿಯರಿಗೆ ಹೆರಿಗೆಯಾದ ಕೆಲವು ತಿಂಗಳಿಗೆ ಕೂದಲು ಹಿಡಿಹಿಡಿಯಾಗಿ ಉದುರುವುದುಂಟು. 2020-21ರ ಕೋವಿಡ್ ಅಲೆಗಳ ನಂತರ ಎಷ್ಟೋ ಮನೆಗಳಲ್ಲಿ ಇದೇ ಅಳಲು. ಸಾಮಾನ್ಯವಾಗಿ ಅದು ಕೆಲವು ತಿಂಗಳಲ್ಲಿ ತಾನಾಗಿ ಸರಿಹೋಗುತ್ತದೆ. 'ಏನೂ ಬೇಡಮ್ಮ, ಮತ್ತೆ ಬರುತ್ತದೆ, ಚೆನ್ನಾಗಿ ಊಟ ಮಾಡು' ಎಂದು ಕಳಿಸುವ ವೈದ್ಯನಿಗೆ ಆ ದಿನ ಸಂಪಾದನೆ ಕಡಿಮೆ. ಎಣ್ಣೆ, ಮಾತ್ರೆ, ಸೀರಮ್ಮುಗಳ ಪೊಟ್ಟಣ ಕಟ್ಟಿಕೊಡುವವನಿಗೆ ಹೆಚ್ಚು. ಮೂರು ತಿಂಗಳಾದ ಮೇಲೆ ಕೂದಲು ಬಂದಾಗ ಕೀರ್ತಿಯೂ ಅವನದೇ. ಮಲೆ ಮಹದೇಶ್ವರ ಬೆಟ್ಟದಲ್ಲಿ ಮುಡಿ ಕೊಟ್ಟು ಬಂದವರೂ ಹಜ್ಜ್ ಮುಗಿಸಿ ತಲೆ ಬೋಳಿಸಿಕೊಂಡು ಬಂದವರೂ ತಲೆಯೆತ್ತಿ ನಡೆಯುತ್ತಾರೆ, ಜನ ಅವರ ಕೈ ಹಿಡಿದು ಮಾತನಾಡಿಸುತ್ತಾರೆ. ಅದೇ ಬೋಳು ಕೇಳದೆ ಬಂದರೆ ಟೋಪಿ ಹುಡುಕುತ್ತೇವೆ.

ಕಡೆಗೂ ತಜ್ಞರು ಸಿಗುವುದು ಯಾರಿಗೆ ಎಂಬಲ್ಲಿಗೆ ಬರಲೇಬೇಕು. ನಗರಗಳಲ್ಲಿ ಚರ್ಮರೋಗ ತಜ್ಞರ ಸಮಯವನ್ನು ಲೇಸರು, ಕೂದಲ ಕಸಿ, ಹೊಳಪಿನ ಚಿಕಿತ್ಸೆಗಳು ಕೊಳ್ಳುತ್ತಿವೆ. ಅದು ಹರಾಮೆಂದು ನಾವು ಹೇಳುತ್ತಿಲ್ಲ. ಆದರೆ ತೊನ್ನಿಗೆ ಬೆಳಕಿನ ಚಿಕಿತ್ಸೆ ಬೇಕಾದವರು ವಾರಕ್ಕೆ ಎರಡು ಮೂರು ಬಾರಿ, ತಿಂಗಳುಗಟ್ಟಲೆ ಆಸ್ಪತ್ರೆಗೆ ಬರಬೇಕು. ಗುಂಡ್ಲುಪೇಟೆಯಿಂದ ಮೈಸೂರಿಗೆ ವಾರಕ್ಕೆ ಮೂರು ಸಲ ಯಾವ ಕೂಲಿಯವರು ಹೋಗಿ ಬಂದಾರು? ಕಜ್ಜಿಯಾದರೆ ಮನೆಮಂದಿಯೆಲ್ಲ ಒಂದೇ ದಿನ ಔಷಧಿ ಹಚ್ಚಬೇಕು, ಇಲ್ಲವಾದರೆ ಒಬ್ಬರಿಂದ ಒಬ್ಬರಿಗೆ ಮರಳುತ್ತಲೇ ಇರುತ್ತದೆ. ಇದನ್ನು ಕುಳ್ಳಿರಿಸಿ ಹೇಳಲು ಹತ್ತು ನಿಮಿಷ ಬೇಕು. ಆ ಹತ್ತು ನಿಮಿಷಕ್ಕೆ ಮಾರುಕಟ್ಟೆಯಲ್ಲಿ ಬೆಲೆಯಿಲ್ಲ.

1997ರಲ್ಲಿ ಮೈಸೂರಿನಿಂದ ಬೇರ್ಪಟ್ಟ ಚಾಮರಾಜನಗರ ಜಿಲ್ಲೆಗೆ 2016ರಲ್ಲಿ ಸರಕಾರಿ ವೈದ್ಯಕೀಯ ಕಾಲೇಜು ಬಂತು. ವೈದ್ಯಕೀಯ ಕಾಲೇಜೆಂದ ಮೇಲೆ ಚರ್ಮರೋಗ ವಿಭಾಗವೂ ಇರಲೇಬೇಕೆಂಬುದು ನಿಯಮ. ಜಿಲ್ಲೆಯ ಜನರಿಗೆ ಇದು ಸಣ್ಣ ಸಂಗತಿಯಲ್ಲ. ಆದರೆ ನಮ್ಮ ದೇಶದಲ್ಲಿ ಈ ತಜ್ಞರ ಪದವಿಯಲ್ಲಿ ಚರ್ಮ, ಲೈಂಗಿಕ ರೋಗ, ಕುಷ್ಠ ಮೂರೂ ಒಟ್ಟಿಗಿವೆ. ಸರಕಾರಿ ಆಸ್ಪತ್ರೆಗಳಲ್ಲಿ ಬಾಗಿಲ ಮೇಲಿನ ಬೋರ್ಡಿನಲ್ಲೂ ಸಾಮಾನ್ಯವಾಗಿ ಹಾಗೆಯೇ ಬರೆದಿರುತ್ತದೆ. ಮೊಡವೆಗೆಂದು ಬಂದ ಕಾಲೇಜು ಹುಡುಗಿ, ಸೋರಿಯಾಸಿಸ್ ಇರುವ ಮೌಲವಿ, ಬಂಗು ತೋರಿಸಲು ಬಂದ ಗೃಹಿಣಿ, ಎಲ್ಲರೂ ಪರಿಚಯದವರು ನೋಡಿಯಾರೆಂದು ಆ ಬೋರ್ಡಿನಿಂದ ನಾಲ್ಕು ಹೆಜ್ಜೆ ದೂರ ನಿಂತು ತಮ್ಮ ಹೆಸರು ಕೂಗುವುದನ್ನು ಕಾಯುತ್ತಾರೆ. ಬೋರ್ಡನ್ನು ಬದಲಿಸಿ ಎಂದು ಕೇಳುವವರಿದ್ದಾರೆ. ಬದಲಿಸಿದರೆ ಲೈಂಗಿಕ ರೋಗದವರು ಎಲ್ಲಿಗೆ ಹೋಗಬೇಕು? ಅವರೂ ಅದೇ ಸಾಲಿನಲ್ಲಿ, ಮೊಡವೆಯವರ ಮರೆಯಲ್ಲಿ ನಿಂತು ಬರಲಿ.

ಇನ್ನು, ಹೋಗುವವರು ಇದುವರೆಗೆ ಹಚ್ಚಿದ ಟ್ಯೂಬುಗಳನ್ನು ಬಿಸಾಡದೆ ಕೈಯಲ್ಲಿ ಹಿಡಿದುಕೊಂಡು ಹೋಗಲಿ. ಹೆಸರು ಹೇಳಲು ಬಾರದಿದ್ದರೂ ಚಪ್ಪಟೆಯಾದ ಆ ತಗಡಿನ ಮೇಲೆ ಬರೆದದ್ದನ್ನು ಓದಿದರೆ ವೈದ್ಯರಿಗೆ ಅರ್ಧ ಕಥೆ ತಿಳಿಯುತ್ತದೆ.